ಗುಡ್ಡದ ಮೇಲಿನ ಕಪ್ಪು ರಾಶಿ

ವೇಲ್ಸ್‌ನ ಗಣಿ ಕಾರ್ಮಿಕರನ್ನು ಕುರಿತ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ (1941) ಚಿತ್ರದ ಕಣಿವೆಯನ್ನು ಯುದ್ಧದ ಕಾರಣ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಲಾಗಿತ್ತು. ಅದರಲ್ಲಿ ತೋರಿಸಿದ ಗಣಿತ್ಯಾಜ್ಯದ ರಾಶಿ ಮಾತ್ರ ವೇಲ್ಸ್‌ನಲ್ಲಿ ನಿಜವಾಗಿಯೇ ಬೆಳೆಯುತ್ತಿತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ, ನೀರಿನ ಸೆಲೆಗಳ ಮೇಲೆ ಸುರಿದಿದ್ದ ಅಂಥದೊಂದು ರಾಶಿ ಗುಡ್ಡದಿಂದ ಜಾರಿ ಅಬರ್‌ವ್ಯಾನ್ ಊರಿನ ಶಾಲೆಯನ್ನು ಹೂತುಹಾಕಿತು. ಸತ್ತವರು 144 ಮಂದಿ. ಅವರಲ್ಲಿ ಮಕ್ಕಳೇ 116. ಊರವರು ಮೊದಲೇ ಎಚ್ಚರಿಸಿದ್ದರು. 1967ರಲ್ಲಿ ವಿಚಾರಣಾ ಮಂಡಳಿಯು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನೇ ಹೊಣೆಯಾಗಿಸಿತು. ಆದರೂ ಉಳಿದ ರಾಶಿಗಳನ್ನು ತೆಗೆಯಲು ಸಂತ್ರಸ್ತರ ಪರಿಹಾರ ನಿಧಿಯಿಂದಲೇ 1,50,000 ಪೌಂಡ್ ಪಡೆಯಲಾಯಿತು! 1997ರಲ್ಲಿ ಅಷ್ಟೇ ಮೊತ್ತ, ಬಡ್ಡಿಯಿಲ್ಲದೆ, ಮರಳಿತು. ‘ದಿ ಕ್ರೌನ್’ ಧಾರಾವಾಹಿಯ 2019ರ ಕಂತು ಈ ದುರಂತವನ್ನು ರಾಣಿಯು ತಡವಾಗಿ ಬಂದುದರ ಸುತ್ತ ಹೆಣೆಯಿತು. ಅದಕ್ಕಿಂತ ಮೊದಲು ನೋಡಬೇಕಾದುದು ಬಿಬಿಸಿಯ ‘ದಿ ಗ್ರೀನ್ ಹಾಲೋ’ (2016). ಓವನ್ ಶಿಯರ್ಸ್ ಅದನ್ನು ಬರೆದದ್ದು ಊರವರ ಮಾತುಗಳನ್ನು ಕೇಳಿ.