ಲೈಕ್ ಕಂಡರೆ ಸಿಮಿಲಿ!

ಮಗಳ ಹತ್ತನೇ ಕ್ಲಾಸಿನ ಇಂಗ್ಲಿಷ್ ನೋಟ್ಸ್ ನೋಡಿದೆ. ಇಲ್ಲಿ ಮುಂಬಯಿಯ ಟ್ಯೂಶನ್ನಿನಲ್ಲಿ ‘ಲೈಕ್’, ‘ಆ್ಯಸ್’ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್ ಅಂತ ಬರೆಸಿದ್ದಾರೆ. ಹಾಗಾದರೆ ‘ಐ ಲೈಕ್ ಮ್ಯಾಂಗೋಸ್’ ಕೂಡ ಸಿಮಿಲಿಯೇ ಸ್ವಾಮಿ?

ನಾನು ಬೀಕಾಂ ಓದಿದವನು, ಸಾಹಿತ್ಯದವನಲ್ಲ. ಆದರೆ ಊರಿನ ಕನ್ನಡ ಮೇಷ್ಟ್ರು ‘ಉಪಮೆ’ ಅಂದಷ್ಟಕ್ಕೇ ಬಿಡುತ್ತಿರಲಿಲ್ಲ. ಉಪಮೇಯ ಯಾವುದು, ಉಪಮಾನ ಯಾವುದು, ಸಮಾನಧರ್ಮ ಏನು, ಹೇಳಲೇಬೇಕು. ಜಿಂಕೆಯಂತೆ ಓಡಿದ ಅಂದರೆ ವೇಗ, ಕೊಂಬಲ್ಲ! ಅರ್ಥ ಇರೋದು ಆ ಸಮಾನಧರ್ಮದಲ್ಲೇ. ಇಂಗ್ಲಿಷಿನಲ್ಲೂ ಮೊದಲು ಅದನ್ನು ಕೇಳಲಿ, ಹೆಸರು ಆಮೇಲೆ.

ಮಗಳಿಗೆ ನಮ್ಮ ಬ್ಯಾಂಕಿನ ‘ಡಾರ್ಮೆಂಟ್ ಅಕೌಂಟ್’ ಹೇಳಿದೆ. ಡಾರ್ಮೆಂಟ್ ಅಂದರೆ ಮಲಗಿರುವುದು. ಎರಡು ವರ್ಷ ವ್ಯವಹಾರವೇ ಇಲ್ಲದ ಖಾತೆ.

“ಅಪ್ಪಾ, ಕೆವೈಸಿ ಕೊಟ್ಟರೆ ಎದ್ದು ಕೂರುತ್ತಾ?” ಅಂದಳು.

ಲೈಕೂ ಇಲ್ಲ, ಆ್ಯಸೂ ಇಲ್ಲ. ಮೆಟಫರ್ ತಿಳಿದಿತ್ತು.