ಬ್ರಾಡ್‌ಬ್ಯಾಂಡ್ ಬರೀ ನೋಡಾಕಷ್ಟ ಏನ್ರಿ?

“ಮನ್ಯಾಗ ಸರ್ವರ್ ಇಟ್ಕೊಂಡು ಏನ್ ಮಾಡ್ತೀರಿ ಸರ? ಯೂಟ್ಯೂಬ್ ಚಲೋ ಓಡ್ತೈತಲ್ಲ, ಸಾಕ್ ಬಿಡ್ರಿ.” ಜಮಖಂಡಿಯಲ್ಲಿ ಬ್ರಾಡ್‌ಬ್ಯಾಂಡ್ ಜೋಡಿಸಲು ಬಂದ ಹುಡುಗ ನಮಗೆ ಹೇಳಿದ್ದು. ತಪ್ಪು ಅವನದಲ್ಲ. ಕಂಪನಿಗಳ ಲೆಕ್ಕದಲ್ಲಿ ನಾವು ನೋಡುವವರು ಮಾತ್ರ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿದಾಗ ನೀರು ಹೊಕ್ಕ ಮನೆಗಳ ಫೋಟೊ ತೆಗೆದು ಒಂದು ಸುದ್ದಿ ಜಾಲತಾಣಕ್ಕೆ ಕಳಿಸಿದ್ದೆವು. ಮುಂದೆ ಅದು ಬಾಗಿಲು ಹಾಕಿತು. ಫೋನ್ ತುಂಬಿತೆಂದು ನಾವೂ ಅಳಿಸಿದ್ದೆವು. ಪರಿಹಾರಕ್ಕೆ ಅಲೆಯುತ್ತಿದ್ದವರು “ಅವತ್ತಿನ ಫೋಟೊ ಕೊಡ್ರಿ” ಎಂದು ಬಂದಾಗ ಕೊಡಲು ಏನೂ ಇರಲಿಲ್ಲ. ನಮ್ಮ ತಾಲ್ಲೂಕಿನ ದಾಖಲೆ ನಮ್ಮ ಮನೆಯಲ್ಲೇ ಇರಬೇಕು ಎಂದು ಅಂದೇ ತೀರ್ಮಾನಿಸಿದೆವು.

ಇದಕ್ಕೆ ದೊಡ್ಡ ಯಂತ್ರ ಬೇಡ. ಅಂಗೈಯಗಲದ ರಾಸ್ಪ್‌ಬೆರಿ ಪೈ ಸಾಕು. 5 ವ್ಯಾಟ್ ಹಿಡಿದರೂ ತಿಂಗಳಿಡೀ ಹಗಲುರಾತ್ರಿ ಓಡಿದರೆ 3.6 ಯೂನಿಟ್. ಕನ್ನಡದ ಒಂದು ಚಿಹ್ನೆಗೆ 3 ಬೈಟ್. 2,500 ಚಿಹ್ನೆಗಳ ವರದಿ 8 ಕಿಲೋಬೈಟ್ ದಾಟದು. 1 ಎಂಬಿಪಿಎಸ್ ಅಪ್‌ಲೋಡ್ ಇದ್ದರೂ ಅಂಥ ಬರಹವನ್ನು ಸೆಕೆಂಡಿಗೆ 10 ಜನರಿಗೆ ಕಳಿಸಬಹುದು.

ಅಡ್ಡಿ ಇರುವುದು ವಿಳಾಸದಲ್ಲಿ. ಹೊರಗಿನವರು ನಮ್ಮ ಸರ್ವರ್ ತಲುಪಬೇಕಾದರೆ ಸಾರ್ವಜನಿಕ ಐಪಿ ವಿಳಾಸ ಬೇಕು. ಹಳೆಯ ಐಪಿವಿ4 ಪದ್ಧತಿಯಲ್ಲಿ ಜಗತ್ತಿಗೆಲ್ಲ ಇರುವುದು ಸುಮಾರು 430 ಕೋಟಿ. ಜಾಗತಿಕ ದಾಸ್ತಾನು 2011ರಲ್ಲೇ ಮುಗಿಯಿತು. ಹಾಗಾಗಿ ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸುತ್ತಾರೆ. ಸಿಜಿನ್ಯಾಟ್ ಎಂದರೆ ಇದೇ. ಒಳಗಿನಿಂದ ಹೊರಗೆ ಹೋಗಬಹುದು. ಹೊರಗಿನಿಂದ ಬಂದವರಿಗೆ ಮನೆ ಸಿಗದು.

ಕೇಳಿದರೆ “ಸ್ಥಿರ ವಿಳಾಸಕ್ಕೆ ಬೇರೆ ದುಡ್ಡು” ಎನ್ನುತ್ತಾರೆ. ಸ್ಥಿರ ವಿಳಾಸ ಕೇಳಿದವರಾರು? ಬದಲಾಗುವ ವಿಳಾಸವನ್ನೂ ಡೈನಮಿಕ್ ಡಿಎನ್‌ಎಸ್ ನಮ್ಮ ತಾಣದ ಹೆಸರಿಗೆ ಜೋಡಿಸುತ್ತದೆ. 1990ರ ದಶಕದಿಂದಲೇ ಇರುವ ಐಪಿವಿ6ರಲ್ಲಿ ವಿಳಾಸಗಳಿಗೆ ಬರವೂ ಇಲ್ಲ. ಅದನ್ನು ಕೊಟ್ಟೂ ಒಳಬರುವ ದಾರಿ ಮುಚ್ಚಿ, ಕೀಲಿಯನ್ನು ಗ್ರಾಹಕರ ಕೈಗೆ ಕೊಡದಿದ್ದರೆ ಅದು ತಂತ್ರಜ್ಞಾನದ ಮಿತಿಯಲ್ಲ, ಧೋರಣೆ.

ಕರೆಂಟ್ ಹೋದರೆ? ಹೋಗುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಕೇಬಲ್ ಹರಿದರೆ? ಹರಿಯುತ್ತದೆ. ಅದಕ್ಕೇ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ನಾಲ್ಕು ಮನೆಗಳಲ್ಲಿ ಒಂದೊಂದು ಪ್ರತಿ ಇಡೋಣ. ಕಳ್ಳರ ಭಯವಿದ್ದರೆ ಪಾಸ್‌ವರ್ಡ್ ಗಟ್ಟಿ ಮಾಡೋಣ, ತಂತ್ರಾಂಶವನ್ನು ಆಗಾಗ ನವೀಕರಿಸೋಣ. ಆಧಾರ್, ಬ್ಯಾಂಕ್ ಪಾಸ್‌ಬುಕ್‌ನಂಥ ಜನರ ಖಾಸಗಿ ಕಾಗದಗಳನ್ನು ಮಾತ್ರ ಅದರಲ್ಲಿ ಇಡುವುದು ಬೇಡ.

“ಇದು ಹಳ್ಳಿಯವರ ಕೈಲಾಗದು” ಎನ್ನುವವರು ಚಿಕ್ಕಪಡಸಲಗಿಗೆ ಹೋಗಿ ಬರಲಿ. ಸರ್ಕಾರದ ದುಡ್ಡಿಗೆ ಕಾಯದೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ವಂತಿಗೆ, ಶ್ರಮದಾನದಿಂದ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅವರ ಮುಂದೆ ನಮ್ಮದು ಅಂಗೈಯಗಲದ ಕೆಲಸ.

ಕಂಪನಿಗಳಿಗೆ ನಮ್ಮ ಬೇಡಿಕೆ ಎರಡೇ. ಸಿಜಿನ್ಯಾಟ್ ಇದೆಯೋ ಇಲ್ಲವೋ ಎಂದು ದುಡ್ಡು ತೆಗೆದುಕೊಳ್ಳುವ ಮೊದಲೇ ಬರೆದುಕೊಡಿ. ಕೇಳಿದ ಮನೆಗೆ ಹೊರಗಿನಿಂದ ತಲುಪಬಲ್ಲ ವಿಳಾಸ ಕೊಡಿ. ಗೆಳೆಯರೇ, ನೀವೂ ಈ ವಾರ ನಿಮ್ಮ ಕಂಪನಿಗೆ ಇದನ್ನು ಬರಹದಲ್ಲೇ ಕೇಳಿ. ಮುಂದಿನ ಪ್ರವಾಹದ ಹೊತ್ತಿಗೆ ನಮ್ಮ ಫೋಟೊಗಳು ನಮ್ಮ ಹತ್ತಿರವೇ ಇರಲಿ.