ಬೇಲಿಯ ಖರ್ಚು ಯಾರ ಖಾತೆಗೆ?

ಬೆಳೆದು ನಿಂತ ಹೊಲದ ಅಂಚಿನಲ್ಲಿ ಇಂದು ಎರಡು ಬಗೆಯ ತಂತಿಗಳು ಕಾಣಸಿಗುತ್ತವೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಮೊದಲನೆಯದು ಕಂಬದ ಲೈನಿನಿಂದ ಕದ್ದು ಎಳೆದ 230 ವೋಲ್ಟಿನ ತಂತಿ. ಮುಟ್ಟಿದ ಜೀವವನ್ನು ಅದು ಬಿಡುವುದಿಲ್ಲ. ಎರಡನೆಯದು ಸೌರಫಲಕದ ಬಲದಿಂದ ಮಿಡಿಯುವ ತಂತಿ. ಮುಟ್ಟಿದ ಜೀವವನ್ನು ಬೆಚ್ಚಿಸಿ ಹಿಂದಕ್ಕೆ ಕಳುಹಿಸುತ್ತದೆ. 2023ರ ಮಾರ್ಚ್‌ನಲ್ಲಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಮೊದಲ ಬಗೆಯ ತಂತಿಗೆ ಸಿಲುಕಿ ಮೂರು ಹೆಣ್ಣಾನೆಗಳು ಸತ್ತವು. ಎರಡು ಮರಿಗಳು ಮಾತ್ರ ಉಳಿದವು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಸಮಾಜದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೈಮುಗಿದ ಚಿಹ್ನೆಗಳು ತುಂಬಿಕೊಳ್ಳುತ್ತವೆ. ಆ ಎರಡು ತಂತಿಗಳ ನಡುವೆ ಇರುವುದು ಒಂದಿಷ್ಟು ಸಾವಿರ ರೂಪಾಯಿ ಮತ್ತು ಒಬ್ಬರ ನಿತ್ಯದ ನಿಗಾ. ಅದನ್ನು ಯಾರು ಭರಿಸಬೇಕು ಎಂಬ ಮಾತು ಮಾತ್ರ ಆ ಗುಂಪುಗಳಲ್ಲಿ ಬರುವುದಿಲ್ಲ.

ಹೊರನಾಡಿನ ಜೈನ ಕನ್ನಡಿಗರಾದ ನಮಗೆ ಇದು ಪರರ ವಿಷಯವಲ್ಲ. ಬೆಳಗಾವಿ, ಧಾರವಾಡ, ಸಾಂಗ್ಲಿ, ಕೊಲ್ಹಾಪುರ ಸೀಮೆಗಳ ನಮ್ಮ ಮನೆತನಗಳು ತಲೆತಲಾಂತರದಿಂದ ಒಕ್ಕಲುತನದವು. ತುಳುನಾಡು, ಮಲೆನಾಡುಗಳಲ್ಲಿ ಭತ್ತದ ಗದ್ದೆ, ಅಡಿಕೆ ತೋಟ. ಪುಣೆಯ ಬಿಬವೇವಾಡಿಯಲ್ಲೋ, ಮುಂಬಯಿಯಲ್ಲೋ, ದುಬೈಯಲ್ಲೋ ನೆಲೆಸಿದ ನಮ್ಮಲ್ಲಿ ಅನೇಕರ ಹೆಸರು ಇಂದಿಗೂ ಊರಿನ ಪಹಣಿಯಲ್ಲಿದೆ. ಜುಲೈ ತಿಂಗಳಲ್ಲಿ ಆದಾಯ ತೆರಿಗೆಯ ವಿವರಪಟ್ಟಿ ತುಂಬುವಾಗ ಕೃಷಿ ಆದಾಯದ ಅಂಕಣಕ್ಕೆ ಒಂದು ಮೊತ್ತ ಬರೆಯುತ್ತೇವೆ. ಆ ಮೊತ್ತಕ್ಕಾಗಿ ಊರಿನಲ್ಲಿ ಅಣ್ಣನೋ, ಗೇಣಿದಾರನೋ ಎಷ್ಟು ರಾತ್ರಿ ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿದ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಬಿಬವೇವಾಡಿಯ ಮಗ್ಗುಲಲ್ಲೇ ಇರುವ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ನಾವು ಕೊಡುವ ಬೆಲೆಯಲ್ಲಿಯೂ ಆ ಜಾಗರಣೆಯ ಕೂಲಿ ಸೇರಿರುವುದಿಲ್ಲ.

ಮೊದಲು ಸೌರಬೇಲಿಯ ಒಳಗುಟ್ಟನ್ನು ತಿಳಿಯೋಣ. ಮಲೆನಾಡಿನಲ್ಲಿ ‘ಐಬೆಕ್ಸ್ ಬೇಲಿ’, ಮಹಾರಾಷ್ಟ್ರದಲ್ಲಿ ‘ಝಟ್ಕಾ ಮಷಿನ್’ ಎಂದು ಜನ ಕರೆಯುವುದು ಇದನ್ನೇ. ಫಲಕವು ಹಗಲಿನಲ್ಲಿ 12 ವೋಲ್ಟಿನ ಬ್ಯಾಟರಿಯನ್ನು ತುಂಬುತ್ತದೆ. ಬ್ಯಾಟರಿಗೆ ಜೋಡಿಸಿದ ಎನರ್ಜೈಸರ್ ಎಂಬ ಪೆಟ್ಟಿಗೆಯು ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಒಂದು ಮಿಡಿತವನ್ನು ಕಳುಹಿಸುತ್ತದೆ. ಆ ಮಿಡಿತ ಹಲವು ಸಾವಿರ ವೋಲ್ಟಿನದು. ಆದರೆ ಅದರ ಆಯುಸ್ಸು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು. ಮುಟ್ಟಿದ ಪ್ರಾಣಿಯ ಮೈ ಜುಮ್ಮೆನ್ನುತ್ತದೆ. ಎರಡು ಮಿಡಿತಗಳ ನಡುವಣ ಬಿಡುವಿನಲ್ಲಿ ಅದು ಹಿಂದೆ ಸರಿಯುತ್ತದೆ. ಕಂಬದ ತಂತಿಯಲ್ಲಿ ಈ ಬಿಡುವೇ ಇಲ್ಲ. ಪ್ರವಾಹ ನಿರಂತರ, ಸ್ನಾಯು ಬಿಗಿದುಕೊಂಡ ಜೀವಕ್ಕೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಜೀವ ಉಳಿಯುವುದು ಆ ಒಂದು ಸೆಕೆಂಡಿನ ಬಿಡುವಿನಲ್ಲಿ.

ಊರಿನಿಂದ ದೂರವಿರುವ, ಕರೆಂಟೂ ಮೊಬೈಲ್ ಸಂಕೇತವೂ ತಲುಪದ ತುಂಡು ಹೊಲಗಳಿಗೆ ಸುತ್ತಲೂ ತಂತಿ ಬಿಗಿಯುವುದು ದುಬಾರಿ. ಅಲ್ಲಿಗೆ ಒದಗುವುದು ಬೆಳಕು ಮತ್ತು ಸದ್ದಿನ ಬೆದರಿಕೆ ಯಂತ್ರ. ಕೆನ್ಯಾದ ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನ ಮಸಾಯಿ ಬಾಲಕ ರಿಚರ್ಡ್ ಟುರೇರೆ ತನ್ನ ಮನೆಯ ದನಗಳನ್ನು ಸಿಂಹಗಳಿಂದ ಕಾಯಲು ಸೌರಫಲಕ, ಹಳೆಯ ಕಾರಿನ ಬ್ಯಾಟರಿ ಮತ್ತು ಮೋಟರ್ ಸೈಕಲ್ಲಿನ ಇಂಡಿಕೇಟರ್ ಪೆಟ್ಟಿಗೆಯಿಂದ ಮಿನುಗುವ ದೀಪಗಳ ಸಾಲನ್ನು ಕಟ್ಟಿದ. 2013ರಲ್ಲಿ ಟೆಡ್ ವೇದಿಕೆಯಲ್ಲಿ ಅದನ್ನು ಜಗತ್ತಿಗೆ ವಿವರಿಸಿದ. ಅವನು ಕಂಡುಕೊಂಡ ಸತ್ಯ ಸರಳ: ನಿಂತ ದೀಪಕ್ಕೆ ಸಿಂಹ ಹೆದರುವುದಿಲ್ಲ, ಚಲಿಸುವ ದೀಪಕ್ಕೆ ಹೆದರುತ್ತದೆ, ಏಕೆಂದರೆ ಚಲಿಸುವ ದೀಪದ ಹಿಂದೆ ಮನುಷ್ಯನಿದ್ದಾನೆಂದು ಅದು ಎಣಿಸುತ್ತದೆ.

ಇಂಥ ಯಂತ್ರವನ್ನು ನಮ್ಮ ಊರಿನ ಐ.ಟಿ.ಐ. ಓದಿದ ಯುವಕನೂ ಕಟ್ಟಬಲ್ಲ. ಲೆಕ್ಕ ತಪ್ಪಬಾರದು, ಅಷ್ಟೆ. 5 ವ್ಯಾಟಿನ ದೀಪ ಇರುಳು 12 ತಾಸು ಉರಿದರೆ 60 ವ್ಯಾಟ್-ಅವರ್ ಬೇಕು. 12 ವೋಲ್ಟ್, 7 ಆಂಪಿಯರ್-ಅವರಿನ ಸಣ್ಣ ಸೀಸದ ಬ್ಯಾಟರಿಯಲ್ಲಿ ಇರುವುದು 84. ಅದು ಬಾಳಿಕೆ ಬರಬೇಕಾದರೆ ಅರ್ಧದಷ್ಟು, ಎಂದರೆ 42 ಮಾತ್ರ ಬಳಸಬೇಕು. ಸಂಜೆ ಆರೂವರೆಗೆ ಹೊತ್ತಿದ ದೀಪ ಬೆಳಗಿನ ಜಾವ ಮೂರಕ್ಕೆ ಆರುತ್ತದೆ. ಹಂದಿಯ ಹಿಂಡಿಗೆ ಅನಂತರದ ಎರಡು ತಾಸು ಧಾರಾಳ. ಅದೇ ಯಂತ್ರಕ್ಕೆ ಶಾಖದ ಚಲನೆಯನ್ನು ಗುರುತಿಸುವ ಸೆನ್ಸರ್ ಜೋಡಿಸಿ, ಪ್ರಾಣಿ ಸುಳಿದಾಗ ಮಾತ್ರ ಎರಡು ನಿಮಿಷ ಹೊತ್ತುವಂತೆ ಮಾಡಿದರೆ ಇಡೀ ರಾತ್ರಿಗೆ 5 ವ್ಯಾಟ್-ಅವರ್ ಸಾಕಾದೀತು. ಬಿಸಿಲೇ ಕಾಣದ ಎಂಟು ದಿನಗಳನ್ನು ಅದು ದಾಟೀತು. ಮೆಕ್ಕೆಜೋಳ, ಭತ್ತ, ರಾಗಿಗಳಿಗೆ ಕಾವಲು ಬೇಕಾಗುವುದು ಮೋಡ ಮುಸುಕಿದ ತಿಂಗಳುಗಳಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ.

ಸೆನ್ಸರಿನಿಂದ ನಮಗೆ ಸಲ್ಲುವ ಇನ್ನೊಂದು ಲಾಭವಿದೆ. ರಾತ್ರಿಯಿಡೀ ಉರಿಯುವ ದೀಪಕ್ಕೆ ಅಸಂಖ್ಯ ಕೀಟಗಳು ಬಂದು ಬೀಳುತ್ತವೆ. ಸೂರ್ಯಾಸ್ತದ ಮೇಲೆ ಉಣ್ಣದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಂದಿಯನ್ನು ಉಳಿಸಲು ಹೋಗಿ ಸಾವಿರ ಹುಳುಗಳನ್ನು ಸುಡುವ ಯಂತ್ರವನ್ನು ಅಹಿಂಸೆಯ ಯಂತ್ರವೆನ್ನಲಾಗದು. ಬೇಕಾದಾಗ ಮಾತ್ರ ಹೊತ್ತುವ ದೀಪ ಬ್ಯಾಟರಿಗೂ ವ್ರತಕ್ಕೂ ಹೊಂದುತ್ತದೆ.

ಈ ಉಪಕರಣಗಳ ಮಿತಿಯನ್ನೂ ಒಪ್ಪಬೇಕು. ಒಂದೇ ಸದ್ದು, ಒಂದೇ ಮಿನುಗು ಕೆಲವು ವಾರ ನಡೆದರೆ ಪ್ರಾಣಿಗೆ ಅದು ಪೊಳ್ಳೆಂದು ತಿಳಿಯುತ್ತದೆ. ಸದ್ದನ್ನೂ ಜಾಗವನ್ನೂ ಬದಲಿಸುತ್ತಲೇ ಇರಬೇಕು. ಆನೆಯಂತೂ ದಂತಕ್ಕೆ ವಿದ್ಯುತ್ತು ತಾಕದೆಂಬುದನ್ನು ಕಲಿತು ತಂತಿ ಕೀಳುತ್ತದೆ, ಇಲ್ಲವೇ ಮರವನ್ನು ಕೆಡವಿ ದಾರಿ ಮಾಡಿಕೊಳ್ಳುತ್ತದೆ. 2023ರ ಗಣತಿಯಲ್ಲಿ 6,395 ಆನೆಗಳಿದ್ದ ಕರ್ನಾಟಕದಲ್ಲಿ ಈ ಪಾಠ ಹೊಸದಲ್ಲ. 2021ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗವು ಕೊಡಗಿನಲ್ಲಿ ಜೇನುಪೆಟ್ಟಿಗೆಗಳ ಬೇಲಿಯನ್ನು ಪ್ರಯೋಗಿಸಿತು. ಮಧುವನ್ನು ತ್ಯಜಿಸಿದ ನಮ್ಮ ಮನೆತನಗಳಿಗೆ ಆ ದಾರಿ ಒಗ್ಗುವುದು ಕಷ್ಟ.

ಇವೆಲ್ಲಕ್ಕಿಂತ ದೊಡ್ಡ ವೈರಿ ಹುಲ್ಲು. ತಂತಿಗೆ ತಾಗುವ ಹಸಿ ಹುಲ್ಲು ಮಿಡಿತವನ್ನು ನೆಲಕ್ಕೆ ಹರಿಸಿಬಿಡುತ್ತದೆ. ಅದನ್ನು ಕೊಯ್ಯುವವರಿಲ್ಲ. ಫಲಕದ ಧೂಳು ಒರೆಸುವವರಿಲ್ಲ. ಎರಡು ಮೂರು ವರ್ಷಕ್ಕೆ ಸೋಲುವ ಬ್ಯಾಟರಿಯನ್ನು ಬದಲಿಸಲು ದುಡ್ಡಿಲ್ಲ. ಬೇಲಿ ಸತ್ತಿದೆಯೆಂದು ಪ್ರಾಣಿಗೆ ಮೊದಲು ತಿಳಿಯುತ್ತದೆ, ರೈತನಿಗೆ ಮರುದಿನ ಬೆಳಗ್ಗೆ ತಿಳಿಯುತ್ತದೆ. ಕೈಸೋತವನು ಆಗ ಕಂಬದ ಕಡೆಗೆ ನೋಡುತ್ತಾನೆ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ವೆಚ್ಚಕ್ಕೆ ದಾನಿಗಳಿದ್ದಾರೆ, ನಿರ್ವಹಣಾ ವೆಚ್ಚಕ್ಕೆ ಯಾರೂ ಇಲ್ಲ. ನಮ್ಮ ಸಮಾಜದ ಹಳೆಯ ರೋಗವೂ ಇದೇ. ಪಂಚಕಲ್ಯಾಣದ ಕಲಶದ ಸವಾಲಿನಲ್ಲಿ ಲಕ್ಷಗಳನ್ನು ಕೂಗುವವರಿದ್ದಾರೆ. ಬಸದಿಯ ಅಂಗಳದ ಹುಲ್ಲು ಕೀಳಿಸಲು ತಿಂಗಳ ಸಂಬಳ ಕೊಡುವವರಿಲ್ಲ. ಹುಲ್ಲು ಕಿತ್ತಿದ್ದಕ್ಕೆ ಶಿಲಾಫಲಕ ಹಾಕಿಸಲಾಗುವುದಿಲ್ಲವಷ್ಟೆ.

ರಾಜಕೀಯದ ಮಾತಿಗೆ ಬರೋಣ. 2016ರ ಜೂನ್‌ನಲ್ಲಿ ಬಿಹಾರದ ಮೊಕಾಮಾದಲ್ಲಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಗುಂಡಿಟ್ಟು ಕೊಂದಾಗ ಕೇಂದ್ರದ ಇಬ್ಬರು ಸಚಿವರೇ ಬಹಿರಂಗವಾಗಿ ಎದುರುಬದುರಾದರು. ಮೇನಕಾ ಗಾಂಧಿಯವರು ಅದನ್ನು ಕೊಲ್ಲುವ ಚಪಲವೆಂದು ಖಂಡಿಸಿದರು. ನಮ್ಮ ಪುಣೆಯವರೇ ಆದ, ಅಂದಿನ ಪರಿಸರ ಸಚಿವ ಪ್ರಕಾಶ ಜಾವಡೇಕರರು, ಬೆಳೆಹಾನಿಯ ಬಗ್ಗೆ ರಾಜ್ಯವೇ ಕೋರಿದ್ದರಿಂದ ಅನುಮತಿ ಕೊಡಲಾಯಿತೆಂದರು. 2022ರಲ್ಲಿ ಕೇರಳವು ಕಾಡುಹಂದಿಗಳನ್ನು ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ಕೈಗೇ ಕೊಟ್ಟಿತು. ಇಂಥ ಆದೇಶಗಳ ವಿರುದ್ಧ ಮನವಿಗೆ ಸಹಿ ಮಾಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ಸಹಿಗೆ ಖರ್ಚಿಲ್ಲ. ಬೆಳೆ ಕಳೆದುಕೊಂಡವನಿಗೆ ‘ಕೊಲ್ಲಬೇಡ’ ಎನ್ನುವವನು ‘ಕಾಯಲು ನಾನು ನೆರವಾಗುತ್ತೇನೆ’ ಎನ್ನದಿದ್ದರೆ ಅದು ಉಪದೇಶವಾಗುತ್ತದೆ, ದಯೆಯಾಗುವುದಿಲ್ಲ.

ನಗರದವರ ಸಹನೆಯ ಅಳತೆಯೂ ನಮಗೆ ತಿಳಿದಿದೆ. 2020ರ ಡಿಸೆಂಬರ್‌ನಲ್ಲಿ ಪುಣೆಯ ಕೊಥ್ರೂಡಿಗೆ ದಾರಿತಪ್ಪಿ ಬಂದ ಕಾಡುಕೋಣ ಜನರ ಗದ್ದಲಕ್ಕೆ ದಿಕ್ಕೆಟ್ಟು ಓಡಿ, ಹಿಡಿದ ಮೇಲೆ ಅಸುನೀಗಿತು. ಒಂದು ಹಗಲು ಒಂದು ಪ್ರಾಣಿಯನ್ನು ತಾಳಿಕೊಳ್ಳಲಾಗದ ನಗರವು ಪ್ರತಿ ಇರುಳು ಹಿಂಡನ್ನು ಎದುರಿಸುವ ರೈತನಿಗೆ ತಾಳ್ಮೆಯನ್ನು ಬೋಧಿಸುವುದು ಸಲ್ಲದು.

‘ಆಘಾತ ಕೊಡುವುದೂ ಹಿಂಸೆಯಲ್ಲವೇ?’ ಎಂದು ಕೇಳುವವರಿದ್ದಾರೆ. ಹೌದು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ ಹಿರಿಯರು ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣ ನಿಷೇಧಿಸಿದರು. ಉಳಿದವುಗಳಲ್ಲಿ ಅದನ್ನು ಆದಷ್ಟು ತಗ್ಗಿಸುವ ಯತ್ನವನ್ನು ವಿಧಿಸಿದರು. ಉರುಳು, ಸಿಡಿಮದ್ದು, ಕಂಬದ ತಂತಿಗಳು ಸಾವನ್ನೇ ಬಯಸುತ್ತವೆ. ಕ್ಷಣದ ಜುಮ್ಮು ಸಾವನ್ನು ತಪ್ಪಿಸಲು ಬಯಸುತ್ತದೆ. ಆ ಅಂತರವೇ ಶ್ರಾವಕನ ಅಣುವ್ರತದ ನೆಲೆ.

‘ಸರ್ಕಾರವೇ ಮಾಡಲಿ’ ಎಂಬುದು ಇನ್ನೊಂದು ಮಾತು. ಸರ್ಕಾರಗಳು ಏನೂ ಮಾಡಿಲ್ಲವೆಂದಲ್ಲ. ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲೂ ಸೌರಬೇಲಿಗೆ ಸಹಾಯಧನದ ಯೋಜನೆಗಳು ಬಂದಿವೆ. ಕಾಡುಪ್ರಾಣಿಗಳಿಂದಾಗುವ ಬೆಳೆಹಾನಿಯನ್ನು 2026ರ ಮುಂಗಾರು ಹಂಗಾಮಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಕೇಂದ್ರವು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಪ್ರದೇಶ ಎಂಬುದನ್ನು ರಾಜ್ಯಗಳು ಅಧಿಸೂಚಿಸಬೇಕು. ರೈತನು 72 ತಾಸುಗಳೊಳಗೆ, ಸ್ಥಳದ ಗುರುತುಳ್ಳ ಚಿತ್ರಗಳೊಡನೆ ಆ್ಯಪ್ ಮೂಲಕ ದೂರು ಸಲ್ಲಿಸಬೇಕು. ಎಪ್ಪತ್ತರ ವಯಸ್ಸಿನ ದೊಡ್ಡಪ್ಪನಿಗೆ ಇದು ಸುಲಭವೇ? ಫೋನಿನಲ್ಲಿ ಜೊತೆಗಿದ್ದು ಮಾಡಿಸುವುದು ಹೊರನಾಡಿನ ಮಕ್ಕಳಿಗೆ ಅರ್ಧ ತಾಸಿನ ಕೆಲಸ.

ಕಾನೂನಿನಲ್ಲಿ ಒಂದು ಕಾಕತಾಳೀಯವಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೆಯ ಕಲಮು ವಿದ್ಯುತ್ ಕಳವಿಗೆ ಮೂರು ವರ್ಷದವರೆಗಿನ ಸೆರೆವಾಸವನ್ನು ಹೇಳುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕೆನ್ನುತ್ತದೆ. ಗ್ರಾಮಾಭಿವೃದ್ಧಿ, ಪ್ರಾಣಿಕಲ್ಯಾಣ, ವನ್ಯಜೀವಿ ರಕ್ಷಣೆ ಅದರ ಏಳನೆಯ ಅನುಸೂಚಿಯಲ್ಲಿವೆ. ಒಂದೇ ಸಂಖ್ಯೆಯ ಎರಡು ಕಲಮುಗಳು: ಎರಡನೆಯದನ್ನು ನಮ್ಮ ಉದ್ಯಮಿ ಬಂಧುಗಳು ನೆನೆದರೆ, ಊರಿನ ರೈತ ಮೊದಲನೆಯದಕ್ಕೆ ಸಿಲುಕುವುದು ತಪ್ಪೀತು.

ಆದುದರಿಂದ ನಮ್ಮ ಸಲಹೆ ಇಷ್ಟು. ಊರಿಗೊಂದು ಬೇಲಿ ನಿಧಿ ಇರಲಿ. ಯಂತ್ರಕ್ಕೆ ಕೊಡುವ ಪ್ರತಿ ನೂರು ರೂಪಾಯಿಗೆ ವರ್ಷಕ್ಕೆ ಇಪ್ಪತ್ತೈದು ರೂಪಾಯಿಯನ್ನು ದುರಸ್ತಿಗೆಂದೇ ತೆಗೆದಿಡದ ಹೊರತು ಯಾವ ಟ್ರಸ್ಟೂ ಬೇಲಿಗೆ ಮಂಜೂರಾತಿ ಕೊಡಬಾರದು. ಹತ್ತಾರು ಹೊಲಗಳಿಗೆ ಒಬ್ಬ ಯುವಕನನ್ನು, ಜಾತಿಮತ ಎಣಿಸದೆ, ಸಂಬಳಕ್ಕೆ ನೇಮಿಸಿ ಹುಲ್ಲು ಕೊಯ್ಯುವ, ವೋಲ್ಟೇಜ್ ಅಳೆದು ವಹಿಯಲ್ಲಿ ಬರೆಯುವ ಕೆಲಸ ಒಪ್ಪಿಸಬೇಕು. ಬೇಲಿ ಹೊಲವನ್ನು ಸುತ್ತಲಿ, ಪ್ರಾಣಿಗಳ ಹಾದಿಯನ್ನು ಮುಚ್ಚದಿರಲಿ. ಮುಚ್ಚಿದರೆ ಹಿಂಡು ಪಕ್ಕದ ಬಡವನ ಹೊಲಕ್ಕೆ ನುಗ್ಗುತ್ತದೆ. ಅವನ ಹೊಲವೂ ನಿಧಿಯ ಒಳಗಿರಬೇಕು. ವರ್ಷಾಂತ್ಯದ ಲೆಕ್ಕವನ್ನು ಬಸದಿಯ ಬಾಗಿಲಿಗೆ ಅಂಟಿಸಬೇಕು.

ಈ ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ ಬರೆಯುವ ಚೀಟಿಗಳಲ್ಲಿ ಒಂದರ ಮೇಲೆ ‘ಬೇಲಿಯ ಬ್ಯಾಟರಿಗೆ’ ಎಂದಿರಲಿ. ನಮ್ಮ ಅಹಿಂಸೆಯ ಖರ್ಚನ್ನು ಇಷ್ಟು ಕಾಲ ಊರಿನ ರೈತ ತನ್ನ ಖಾತೆಯಲ್ಲಿ ಬರೆದುಕೊಂಡಿದ್ದಾನೆ. ಅದನ್ನು ನಮ್ಮ ಖಾತೆಗೆ ವರ್ಗಾಯಿಸಿಕೊಳ್ಳುವ ಕಾಲ ಬಂದಿದೆ.

ಜಯ ಜಿನೇಂದ್ರ.